ದುರಸ್ತಿಯಾಗಿ ಬಂದ ಮೇಲೂ ಸರಿಯಿಲ್ಲದ ಟೆಂಪರೇಚರ್ ಗೇಜ್

ಗೆ,
ವ್ಯವಸ್ಥಾಪಕರು,
ಗೇಜ್ ದುರಸ್ತಿ ವಿಭಾಗ

ವಿಷಯ: ಹಳೆಯ ಕಾರಿನ ಮೆಕ್ಯಾನಿಕಲ್ ಟೆಂಪರೇಚರ್ ಗೇಜ್ ದೋಷದೊಂದಿಗೇ ವಾಪಸು ಬಂದಿರುವ ಬಗ್ಗೆ.

ಮಾನ್ಯರೇ,

ಎರಡು ತಿಂಗಳ ಹಿಂದೆ ನನ್ನ ವಿಂಟೇಜ್ ಕಾರಿನ ಗೇಜನ್ನು ನಿಮ್ಮಲ್ಲಿಗೆ ಕಳಿಸಿದ್ದೆ. ಎಂಜಿನ್ನಿನಿಂದ ಗೇಜಿಗೆ ಬರುವ ಸಣ್ಣ ರಂಧ್ರದ ಕ್ಯಾಪಿಲರಿ ಕೊಳವೆ ತುಂಡಾಗಿ ಒಳಗಿನ ಈಥರ್ (ಬೇಗ ಆವಿಯಾಗುವ ದ್ರವ) ಪೂರ್ತಿ ಸೋರಿಹೋಗಿತ್ತು, ಮುಳ್ಳು ಏಳುತ್ತಲೇ ಇರಲಿಲ್ಲ. ನೀವು ಹೊಸ ಕೊಳವೆ, ಅದರ ತುದಿಗೆ ಬಿಸಿ ಅರಿಯುವ ಹೊಸ ಬಲ್ಬ್ ಬೆಸೆದು, ‘ಪರೀಕ್ಷಿಸಲಾಗಿದೆ’ ಎಂಬ ಚೀಟಿ ಅಂಟಿಸಿ ಕಳಿಸಿದಿರಿ. ಡಯಲ್‌ನ ಹಳೆಯ ಬಣ್ಣ, ಅಕ್ಷರ ಒಂದಿಷ್ಟೂ ಕೆಡದಂತೆ ನೋಡಿಕೊಂಡಿದ್ದೀರಿ, ಅದಕ್ಕೆ ಕೃತಜ್ಞತೆ ಹೇಳಲೇಬೇಕು. ಆದರೆ ಗೇಜನ್ನು ನಂಬುವಂತಿಲ್ಲ.

ಎಂಜಿನ್ ಚಾಲೂ ಮಾಡಿದರೆ ಮುಳ್ಳು 120 ಡಿಗ್ರಿ ಫ್ಯಾರನ್‌ಹೀಟ್‌ಗೆ ಬಂದು ನಿಂತುಬಿಡುತ್ತದೆ. ಅರ್ಧ ಗಂಟೆ ಓಡಿಸಿದರೂ ಅಲ್ಲೇ. ರಸ್ತೆಯ ಒಂದು ಉಬ್ಬು ಹತ್ತಿಳಿದರೆ ಒಮ್ಮೆಲೇ 180ಕ್ಕೆ ನೆಗೆಯುತ್ತದೆ. ಎಂಜಿನ್ ಆರಿಸಿ, ಎಲ್ಲ ತಣ್ಣಗಾದ ಮೇಲೂ ಕೆಲವು ಸಲ 180ರಲ್ಲೇ ಕೂತಿರುತ್ತದೆ.

ಇದನ್ನು ತಿಳಿಸಿದಾಗ ನಿಮ್ಮಿಂದ ಬಂದ ಉತ್ತರ: ‘ಅರ್ತ್ ಸಡಿಲವಿರಬೇಕು, ಸೆಂಡರ್ ಬದಲಿಸಿ, ವೋಲ್ಟೇಜ್ ಸ್ಟೆಬಿಲೈಸರ್ ನೋಡಿ.’ ಇವೆಲ್ಲ ವಿದ್ಯುತ್ತಿನಿಂದ ನಡೆಯುವ ಗೇಜಿನ ಮಾತು. ಓದಿ ನಿಜಕ್ಕೂ ಬೇಸರವಾಯಿತು. ಡಯಲ್ ಬೆಳಗುವ ಪುಟ್ಟ ದೀಪದ ವೈರ್ ಬಿಟ್ಟರೆ ಈ ಗೇಜಿಗೆ ವಿದ್ಯುತ್ತಿನ ಸಂಬಂಧವೇ ಇಲ್ಲ. ಎಂಜಿನ್ನಿನ ನೀರಿನಲ್ಲಿ ಮುಳುಗಿದ ಬಲ್ಬಿನೊಳಗೆ ಈಥರ್ ಆವಿಯಾಗುತ್ತದೆ, ಆ ಒತ್ತಡ ಕೊಳವೆಯ ಮೂಲಕ ಬಂದು ಗೇಜಿನೊಳಗಿನ ಬಾಗಿದ ಲೋಹದ ನಳಿಕೆಯನ್ನು, ಅಂದರೆ ಬೋರ್ಡನ್ ಟ್ಯೂಬನ್ನು, ಬಿಚ್ಚಿಸುತ್ತದೆ, ಮುಳ್ಳು ತಿರುಗುತ್ತದೆ. ಅಷ್ಟೇ. ನಿಮ್ಮ ಕೈಯಾರೆ ಬೆಸೆದ ಕೊಳವೆಯನ್ನೇ ಮರೆತು ಯಾರೋ ಈ ಉತ್ತರ ಬರೆದಿದ್ದಾರೆ.

ಆದರೂ ತಪ್ಪು ಕಾರಿನದ್ದೇ ಇರಬಹುದೆಂದು ಮೊದಲು ಅದನ್ನೇ ನೋಡಿದೆ. ರೇಡಿಯೇಟರ್ ತುಂಬಿಸಿ ಗಾಳಿ ಹೊರಹಾಕಿದೆ, ಏಕೆಂದರೆ ಬಲ್ಬಿನ ಸುತ್ತ ಗಾಳಿಗುಳ್ಳೆ ನಿಂತರೂ ಮುಳ್ಳು ಏರುಪೇರಾಗುತ್ತದೆ. ಥರ್ಮೋಸ್ಟ್ಯಾಟ್ (ನೀರು ಬಿಸಿಯಾದಾಗ ತೆರೆಯುವ ಕವಾಟ) ಬಿಚ್ಚಿ ಬಿಸಿನೀರಿನಲ್ಲಿ ಹಾಕಿದರೆ ಸರಿಯಾಗಿ ತೆರೆದುಕೊಂಡಿತು. ಥರ್ಮೋಸ್ಟ್ಯಾಟ್ ಹೌಸಿಂಗಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿದಾಗ ಬಿಸಿ ಒಂದೇ ಸಮನೆ ಇತ್ತು, ಕುಣಿಯುತ್ತಿದ್ದುದು ಮುಳ್ಳು ಮಾತ್ರ.

ಆಮೇಲೆ ಗೇಜ್ ಬಿಚ್ಚಿ ಮೇಜಿನ ಮೇಲಿಟ್ಟೆ. ಪಾತ್ರೆಯಲ್ಲಿ ನೀರು ಕಾಯಿಸಿ, ಬಲ್ಬ್ ಪೂರ್ತಿ ಮುಳುಗಿಸಿ, ಪಕ್ಕದಲ್ಲೇ ಗಾಜಿನ ಥರ್ಮಾಮೀಟರ್ ಇಟ್ಟೆ. ನೀರು 85 ಡಿಗ್ರಿ ಸೆಲ್ಸಿಯಸ್, ಅಂದರೆ ನಿಮ್ಮ ಡಯಲ್‌ನ ಲೆಕ್ಕದಲ್ಲಿ 185. ಗೇಜ್ ತೋರಿಸಿದ್ದು 120. ಗಾಜಿನ ಮೇಲೆ ಬೆರಳಿನಿಂದ ತಟ್ಟಿದರೂ ಮುಳ್ಳು ಕದಲಲಿಲ್ಲ, ಹಾಗಾಗಿ ಅದು ಡಯಲ್‌ಗೆ ಉಜ್ಜುತ್ತಿಲ್ಲ. ಆಮೇಲೆ ಕೊಳವೆಯುದ್ದಕ್ಕೂ ಬೆರಳಾಡಿಸುತ್ತಾ ಬಂದೆ. ಬಲ್ಬಿನ ನಟ್‌ನಿಂದ ಎರಡು ಬೆರಳು ದೂರದಲ್ಲಿ, ನಿಮ್ಮ ಬೆಸುಗೆಯ ಪಕ್ಕದಲ್ಲೇ, ಕೊಳವೆ ನಜ್ಜಿ ಚಪ್ಪಟೆಯಾಗಿದೆ. ಅಲ್ಲಿ ಸ್ವಲ್ಪ ಬಾಗಿಸಿದ ಕೂಡಲೇ ಮುಳ್ಳು ಸರ್ರನೆ 185ಕ್ಕೆ ಹೋಯಿತು. ನೀರು ಆರಿದ ಮೇಲೂ ಅಲ್ಲೇ ನಿಂತಿತ್ತು. ಮತ್ತೆ ಬಾಗಿಸಿದಾಗ ಇಳಿಯಿತು. ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಹೀಗೇ. ದಾರಿ ಮುಚ್ಚಿದಾಗ ಒತ್ತಡ ಟ್ಯೂಬಿನಲ್ಲೇ ಸಿಕ್ಕಿಕೊಳ್ಳುತ್ತದೆ, ಅಲುಗಿದಾಗ ಬಿಡುತ್ತದೆ.

ಕೂರಿಸುವಾಗ ನಾನೇ ನಜ್ಜಿಸಿದ್ದೆ ಎನ್ನಬೇಡಿ. ಪೆಟ್ಟಿಗೆ ತೆರೆದ ದಿನ, ನಿಮ್ಮ ಚೀಟಿ ಕೀಳುವ ಮೊದಲೇ ತೆಗೆದ ಫೋಟೋದಲ್ಲಿ ಆ ಮಡಿಕೆ ಕಾಣುತ್ತದೆ. ಎಂಜಿನ್ನಿನ ನಡುಕ ತಾಗದಿರಲೆಂದು ಕೊಳವೆಗೆ ಎರಡು ಸುತ್ತು ಸಡಿಲ ಬಿಟ್ಟೇ ಕೂರಿಸಿದ್ದೆ. ಪ್ರತಿಗಳನ್ನು ಲಗತ್ತಿಸಿದ್ದೇನೆ.

ನನಗೆ ಕೋಪ ಬಂದಿರುವುದು ಮುಳ್ಳು ಮೇಲೆ ನಿಲ್ಲುವುದಕ್ಕಲ್ಲ, ಕೆಳಗೆ ನಿಲ್ಲುವುದಕ್ಕೆ. ನೀರು ಕುದಿಯುತ್ತಿರುವಾಗ 120 ತೋರಿಸಿದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಸಿಲಿಂಡರ್ ಹೆಡ್ ಸೊಟ್ಟಗಾಗುತ್ತದೆ. ಈ ಎಂಜಿನ್ನಿಗೆ ಇನ್ನೊಂದು ಹೆಡ್ ಹುಡುಕುವುದು ಎಷ್ಟು ಕಷ್ಟವೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ.

ಕೊಳವೆ, ಬಲ್ಬ್ ಎರಡನ್ನೂ ಹೊಸದಾಗಿ ಹಾಕಿಕೊಡಿ. ನಜ್ಜಿದ ಜಾಗಕ್ಕೆ ತೇಪೆ ಬೇಡ. ಕಳಿಸುವ ಮೊದಲು ಕನಿಷ್ಠ ಮೂರು ಉಷ್ಣತೆಗಳಲ್ಲಿ, ಏರುವಾಗಲೂ ಇಳಿಯುವಾಗಲೂ, ಕೊಳವೆಯನ್ನು ಅಲುಗಿಸಿ ಪರೀಕ್ಷಿಸಿ, ಬಂದ ಅಂಕಿಗಳನ್ನು ಬರೆದುಕೊಡಿ. ಎರಡೂ ಕಡೆಯ ಸಾಗಣೆ ಖರ್ಚು ನಿಮ್ಮದು. ಆಗದಿದ್ದರೆ ದುರಸ್ತಿಯ ಪೂರ್ತಿ ಹಣ ವಾಪಸು ಮಾಡಿ. ಹದಿನೈದು ದಿನದೊಳಗೆ ಲಿಖಿತ ಉತ್ತರ ಬೇಕು.

ಇಂತಿ,
ನಿಮ್ಮ ಗ್ರಾಹಕ