ಹಂದಿಮರಿಯ ದುಡ್ಡು ಕೊಟ್ಟವರು ಯಾರು?

ಮಗೂ,

ನಿನ್ನ ತಮ್ಮ ಸ್ಪೈರಲ್ ಬೈಂಡಿಂಗ್ ಮಾಡಿಸಿ ತಂದುಕೊಟ್ಟ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಆಮೇಲೆ ಜೊತೆಗಿಟ್ಟಿದ್ದ ಕಾಗದ ಓದಿದೆ. “ಅಮೆರಿಕದ ಅಯೋವಾದ ಮುಸುಕಿನ ಜೋಳದ ಹೊಲಗಳ ಮಧ್ಯೆ ಇರೋ ಒಂದು ಪುಟ್ಟ ಕಾಲೇಜಿನವರ ಕಥೆ ಕನ್ನಡದಲ್ಲಿ ಯಾರಿಗೆ ಬೇಕು ತಾತ, ಇಲ್ಲಿಗೇ ಕೈಬಿಡಲಾ?” ಅಂತ ಕೇಳಿದ್ದೀಯ. ಸಿಟ್ಟು ಇಳಿಯಿತು. ಕೈಬಿಡಬೇಡ. ಈಗಿರುವ ಹಾಗೆ ಅಚ್ಚಿಗೂ ಕೊಡಬೇಡ.

ಅಧ್ಯಾಯ ಎಷ್ಟಿರಬೇಕು, ಅಡಿಟಿಪ್ಪಣಿ ಬೇಕಾ, ಇಂಗ್ಲಿಷ್ ಹೆಸರುಗಳನ್ನು ಹೇಗೆ ಬರೆಯುವುದು ಅಂತ ಒಂದು ಪಟ್ಟಿಯನ್ನೇ ಕಳಿಸಿದ್ದೀಯ. ಅದಕ್ಕೆಲ್ಲ ನಾನು ಉತ್ತರ ಬರೆಯುವುದಿಲ್ಲ, ಹೇಗೋ ಆಗುತ್ತೆ. ನನ್ನ ತಕರಾರು ಒಂದೇ. ನೀನು ಆ ಗ್ರಿನೆಲ್ ಕಾಲೇಜಿಗೆ ಅಭಿನಂದನ ಗ್ರಂಥ ಬರೆದುಬಿಟ್ಟಿದ್ದೀಯ. ಹದಿನಾಲ್ಕು ಅಧ್ಯಾಯ, ಹದಿನಾಲ್ಕು ಶಾಲು.

ರಾಬರ್ಟ್ ನಾಯ್ಸ್ ಅಧ್ಯಾಯವನ್ನೇ ತಗೋ. “ಬಾಲ್ಯದಿಂದಲೇ ಅಸಾಧಾರಣ ಪ್ರತಿಭೆ” ಅಂತ ಶುರು ಮಾಡಿ, 1957ಕ್ಕೆ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಂಪನಿ, 1959ಕ್ಕೆ ಸಿಲಿಕಾನ್ ಚಿಪ್ಪು, 1968ಕ್ಕೆ ಇಂಟೆಲ್ ಕಂಪನಿ ಅಂತ ಮೆಟ್ಟಿಲು ಹತ್ತಿಸಿಕೊಂಡು ಹೋಗಿದ್ದೀಯ. ನಡುವೆ ಎಲ್ಲೋ “ವಿದ್ಯಾರ್ಥಿ ದೆಸೆಯ ಒಂದು ಹುಡುಗಾಟ” ಅಂತ ಅರ್ಧ ಸಾಲು. ಏನಮ್ಮ ಆ ಹುಡುಗಾಟ? ಹಂದಿ ಕದ್ದದ್ದು! 1948ರ ವಸಂತದಲ್ಲಿ ಹಾಸ್ಟೆಲಿನವರು ಹವಾಯಿ ಥರದ ಔತಣ ಮಾಡಬೇಕು ಅಂತ ಹೊರಟರು, ಅದಕ್ಕೊಂದು ಹಂದಿಮರಿ ಬೇಕಾಯಿತು. ನಾಯ್ಸ್ ಮತ್ತೊಬ್ಬ ಹುಡುಗನ ಜೊತೆ ರಾತ್ರಿ ಹೋಗಿ ಹತ್ತಿರದ ತೋಟದಿಂದ ಎತ್ತಿಕೊಂಡು ಬಂದ. ಆಮೇಲೆ ಮನಸ್ಸು ಕುಟುಕಿ, ತಾವೇ ಹೋಗಿ ತಪ್ಪೊಪ್ಪಿಕೊಂಡು ದುಡ್ಡು ಕೊಡ್ತೀವಿ ಅಂದರು. ರೈತ ನಗಲಿಲ್ಲ. ಆಗ ಅಯೋವಾದಲ್ಲಿ ಸಾಕುಪ್ರಾಣಿ ಕದಿಯುವುದು ಜೈಲಿಗೆ ಕಳಿಸುವಂಥ ಅಪರಾಧವಾಗಿತ್ತು. ಪಾದ್ರಿಯ ಮಗ ಬೇರೆ. ಕೊನೆಗೆ ಫಿಸಿಕ್ಸ್ ಮೇಷ್ಟ್ರು ಗ್ರಾಂಟ್ ಗೇಲ್ ಮತ್ತು ಕಾಲೇಜಿನ ಅಧ್ಯಕ್ಷರು ಮಧ್ಯೆ ಬಂದು, ಕಾಲೇಜಿನಿಂದಲೇ ಹಂದಿಯ ಬೆಲೆ ಕಟ್ಟಿಸಿ, ಹುಡುಗನನ್ನು ಒಂದು ಸೆಮಿಸ್ಟರ್ ಹೊರಗೆ ಹಾಕಿದರು. ಆ ಕಾಲವನ್ನು ಅವನು ನ್ಯೂಯಾರ್ಕಿನ ಒಂದು ಜೀವವಿಮೆ ಕಂಪನಿಯಲ್ಲಿ ಲೆಕ್ಕ ಹಾಕುತ್ತಾ ಕಳೆದ. ವಾಪಸ್ ಬಂದು 1949ರಲ್ಲಿ ಪದವಿ ಮುಗಿಸಿದ.

ಊರಲ್ಲಿ ಒಂದು ಕುರಿ ಕಳುವಾದರೆ ಏನೇನು ರಾದ್ಧಾಂತ ಆಗುತ್ತೆ ಅಂತ ಗೊತ್ತಿರುವ ಓದುಗರಿಗೆ ನೀನು ಬರೆಯುತ್ತಿರುವುದು. ‘ಕನ್ನಡದಲ್ಲಿ ಯಾರಿಗೆ ಬೇಕು’ ಅಂತ ಕೇಳಿದೆಯಲ್ಲ, ಕೇಳಿಸಿಕೊಳ್ಳುವವರು ಇಲ್ಲೇ ಕೂತಿದ್ದಾರೆ. ಅವರ ಕಿವಿಗೆ ಬೀಳಬೇಕಾದ್ದನ್ನೇ ನೀನು ಮುಚ್ಚಿಟ್ಟಿದ್ದೀಯ. ಇಪ್ಪತ್ತು ವರ್ಷದ ಮೇಲೆ, ಅದೇ ನಾಯ್ಸ್ ಕಾಲೇಜಿನ ಟ್ರಸ್ಟಿಗಳಲ್ಲಿ ಒಬ್ಬನಾಗಿದ್ದಾಗ, ಕಾಲೇಜಿನ ನಿಧಿಯೂ ಟ್ರಸ್ಟಿಗಳೂ ಸೇರಿ ಅವನ ಹೊಸ ಕಂಪನಿ ಇಂಟೆಲ್‌ಗೆ 3 ಲಕ್ಷ ಡಾಲರ್ ಹಾಕಿದರು ಅನ್ನುವುದನ್ನು ಹಂದಿಯ ಪಕ್ಕದಲ್ಲಿಟ್ಟು ನೋಡು. ನೀನು ಅದನ್ನು ಎಂಟು ಪುಟದಾಚೆ “ದೂರದೃಷ್ಟಿಯ ಹೂಡಿಕೆ” ಅಂತ ಬರೆದಿದ್ದೀಯ.

ಈಗ ಗೇಲ್ ವಿಷಯ. ಟ್ರಾನ್ಸಿಸ್ಟರ್ ಅನ್ನುವ ಪುಟ್ಟ ಎಲೆಕ್ಟ್ರಾನಿಕ್ ಬಿಡಿಭಾಗದ ಸುದ್ದಿ ಪತ್ರಿಕೆಯಲ್ಲಿ ಬಂದ ಕೂಡಲೇ ಅವರು ಅದನ್ನು ಕಂಡುಹಿಡಿದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ಗೆ ಬರೆದರು, ಅಲ್ಲಿನ ಮುಖ್ಯಸ್ಥ ಆಲಿವರ್ ಬಕ್ಲಿ ಇದೇ ಕಾಲೇಜಿನವರು, ಟ್ರಾನ್ಸಿಸ್ಟರ್ ಕಂಡುಹಿಡಿದವರಲ್ಲೊಬ್ಬರಾದ ಜಾನ್ ಬಾರ್ಡೀನ್ ಹಳೆಯ ಪರಿಚಯ. ಎರಡು ಟ್ರಾನ್ಸಿಸ್ಟರ್ ತಕ್ಷಣ ಬಂದವು ಅಂತ ಒಂದು ಕಥೆ. ಮೊದಲು ಬಂದದ್ದು ಬರೀ ಲೇಖನಗಳು ಅಂತ ಬರೆದವರೂ ಇದ್ದಾರೆ. ನೀನು ಚಂದ ಕಂಡದ್ದನ್ನು ಮಾತ್ರ ಎತ್ತಿಕೊಂಡಿದ್ದೀಯ, ಎರಡನ್ನೂ ಇಡು. ಅದು ಹೋಗಲಿ. ಬಾರ್ಡೀನ್‌ಗೆ ಚಿಕ್ಕಂದಿನಿಂದ ಸ್ನೇಹ ಇದ್ದದ್ದು ಯಾರ ಜೊತೆ? ಗೇಲ್ ಅವರ ಹೆಂಡತಿಯ ಜೊತೆ. ನಿನ್ನ 61ನೇ ಪುಟದಲ್ಲಿ ಆಕೆ “ಶ್ರೀಮತಿ ಗೇಲ್” ಅಂತ ಒಂದೇ ಒಂದು ಸಲ ಬಂದು ಹೋಗುತ್ತಾರೆ. ಹೆಸರೂ ಇಲ್ಲ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆ ಅಂತ ಹೇಳಿಬಿಡುತ್ತೇನೆ.

ನಲವತ್ತರ ವಯಸ್ಸಿನಲ್ಲಿ ನಾನು ನಮ್ಮ ಮೇಷ್ಟ್ರೊಬ್ಬರ ಅಭಿನಂದನ ಗ್ರಂಥ ಸಂಪಾದಿಸಿದೆ. ಬಡ ಹುಡುಗನೊಬ್ಬನ ಪರೀಕ್ಷೆ ಫೀಜನ್ನು ಅವರು ಕೈಯಾರೆ ಕಟ್ಟಿದ ಪ್ರಸಂಗವನ್ನು ನಾನೇ ಬರೆದೆ. ಆ ಹುಡುಗ ನಾನೇ. ಗಿರವಿ ಅಂಗಡಿಗೆ ಅವರ ಜೊತೆ ಹೋಗಿದ್ದವನೂ ನಾನೇ. ಕರ್ಚೀಫಿನ ಗಂಟು ಬಿಚ್ಚಿದಾಗ ಅದರಲ್ಲಿ ಎರಡು ಚಿನ್ನದ ಬಳೆ ಇದ್ದದ್ದನ್ನು ಕಣ್ಣಾರೆ ನೋಡಿದ್ದೆ. ಪುಸ್ತಕದಲ್ಲಿ ಬಳೆ ಬರಲಿಲ್ಲ. ಸಮಿತಿಯವರು ಬೇಡ ಅಂದರು ಅಂತ ಎಷ್ಟೋ ವರ್ಷ ಹೇಳಿಕೊಂಡು ತಿರುಗಿದೆ. ಅವರು ಅಂದದ್ದು ನಿಜ, ಆದರೆ ಅವರು ಅನ್ನುವ ಮುಂಚೆಯೇ ನಾನು ಬಿಟ್ಟಿದ್ದೆ. ಸಮಾರಂಭ ಆದ ಮಾರನೇ ದಿನ ಪುಸ್ತಕ ಕೊಡಲು ಮೇಷ್ಟ್ರ ಮನೆಗೆ ಹೋದೆ. ಮೇಷ್ಟ್ರ ಹೆಂಡತಿ, ಆ ಅಮ್ಮ, ಕನ್ನಡಕ ಹಾಕಿಕೊಂಡು ಆ ಪುಟವನ್ನೇ ತೆಗೆದು ಪೂರ್ತಿ ಓದಿದರು. ಪುಟ ಮಗುಚುವಾಗ ಗಾಜಿನ ಬಳೆ ಸದ್ದಾಯಿತು. “ಕಾಫಿ ಕುಡೀತೀಯೇನಪ್ಪ” ಅಂತ ಎದ್ದು ಒಳಗೆ ಹೋದರು. ಆ ಪುಸ್ತಕವನ್ನು ಹೊಗಳಿ ಬಂದ ಕಾಗದಗಳು ಈಗಲೂ ನನ್ನ ಟ್ರಂಕಿನಲ್ಲಿವೆ.

ಪುಣ್ಯ, ನೀನು ಎಲ್ಲ ಕಡೆಯೂ ಹೀಗೆ ಮಾಡಿಲ್ಲ. ಹ್ಯಾಲಿ ಫ್ಲ್ಯಾನಗನ್ ಅಧ್ಯಾಯ ಓದುತ್ತಾ ನಾನು ಗೊಣಗಲೇ ಇಲ್ಲ. ಗಂಡನನ್ನು ಕ್ಷಯದಲ್ಲಿ, ಆಮೇಲೆ ಒಬ್ಬ ಮಗನನ್ನು ಕಳೆದುಕೊಂಡ ಹೆಂಗಸು. ಗ್ರಿನೆಲ್‌ನಲ್ಲಿ ಪಾಠ ಮಾಡುತ್ತಾ ನಾಟಕ ಕಟ್ಟಿದ್ದು, 1935ರಲ್ಲಿ ಇದೇ ಕಾಲೇಜಿನಲ್ಲಿ ಓದಿದ ಹ್ಯಾರಿ ಹಾಪ್ಕಿನ್ಸ್, ಜೀನು-ಲಗಾಮಿನ ಅಂಗಡಿಯವನ ಮಗ, ಸರ್ಕಾರದ ಉದ್ಯೋಗ ಯೋಜನೆಯ ಮುಖ್ಯಸ್ಥನಾಗಿ ಕೆಲಸವಿಲ್ಲದ ಕಲಾವಿದರಿಗಾಗಿ ಇಡೀ ದೇಶದ ರಂಗಭೂಮಿಯನ್ನು ಅವರ ಕೈಗೆ ಕೊಟ್ಟಿದ್ದು. ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸಂಸತ್ ಸಮಿತಿಯ 1938ರ ವಿಚಾರಣೆಯಲ್ಲಿ ಒಬ್ಬ ಸಂಸದ, ನೀವು ಹೇಳುತ್ತಿರುವ ಈ ಮಾರ್ಲೋ ಕಮ್ಯುನಿಸ್ಟಾ ಅಂತ ಕೇಳುತ್ತಾನೆ. ಇಂಗ್ಲಿಷ್ ನಾಟಕಕಾರ ಮಾರ್ಲೋ ಸತ್ತು ಆಗಲೇ 345 ವರ್ಷ! ಸಭೆ ನಕ್ಕಿತು ಅಂತ ಅಲ್ಲಿಗೇ ನಿಲ್ಲಿಸದೆ, ಮುಂದಿನ ವರ್ಷವೇ ಸಂಸತ್ತು ದುಡ್ಡು ನಿಲ್ಲಿಸಿ ಸಾವಿರಾರು ಜನರ ಸಂಬಳ ಹೋಯಿತು ಅಂತ ಬರೆದೆಯಲ್ಲ, ಅಲ್ಲಿ ನೀನು ನನಗಿಂತ ದೊಡ್ಡವಳು.

ಕತಯಾಮಾ ಸೆನ್ ಬಗ್ಗೆ ಮಾತ್ರ “ಕಷ್ಟಪಟ್ಟು ಓದಿ” ಅಂತ ಬರೆದಿದ್ದೀಯ. ಕಷ್ಟ ಯಾರ ಕಣ್ಣಿಗೂ ಕಾಣಿಸಲ್ಲ. ಅಡುಗೆ ಮಾಡಿ, ಚಿಲ್ಲರೆ ಕೆಲಸ ಮಾಡಿ ಅಮೆರಿಕದಲ್ಲಿ ಓದಿದ ಜಪಾನಿನವನು, 1892ರಲ್ಲಿ ಗ್ರಿನೆಲ್‌ನಲ್ಲಿ ಪದವಿ ಪಡೆದು, ಕಮ್ಯುನಿಸ್ಟ್ ನಾಯಕನಾಗಿ, ಕೊನೆಗೆ ಮಾಸ್ಕೋದ ಕ್ರೆಮ್ಲಿನ್ ಗೋಡೆಯಲ್ಲಿ ಬೂದಿಯಾಗಿ ಸೇರಿದ. ಆ ಅಡುಗೆಮನೆಯೊಳಗೆ ಒಂದು ಸಲ ನಮ್ಮನ್ನು ಕರಕೊಂಡು ಹೋಗು. ಮತ್ತೆ ಆ ಸಿನಿಮಾದ ಗ್ಯಾರಿ ಕೂಪರ್ ಎಲ್ಲಿ? ಪದವಿ ಮುಗಿಸದೆ ಹೋದ ಅಂತ ಬಿಟ್ಟೆಯಾ? ಡಿಗ್ರಿ ಪಾಸಾಗದವರನ್ನೆಲ್ಲ ಆಚೆ ಹಾಕಿದರೆ ನನ್ನ ತಮ್ಮಂದಿರಿಬ್ಬರೂ ನಮ್ಮ ಮನೆಯವರಲ್ಲ ಅನ್ನಬೇಕಾಗುತ್ತೆ.

ಪ್ರಕಾಶಕರ ವಿಚಾರ ನಿನ್ನ ತಮ್ಮನ ಹತ್ತಿರ ಮಾತಾಡುತ್ತೇನೆ. ನೀನು ಕಾರು ಹತ್ತಿ ಆ ಕಾಲೇಜಿನ ಲೈಬ್ರರಿಗೆ ಇನ್ನೊಂದು ಸಲ ಹೋಗಿ ಬಾ. ಹಂದಿಗೆ ಎಷ್ಟು ಕೊಟ್ಟರು, ರಸೀತಿ ಏನಾದರೂ ಉಳಿದಿದೆಯಾ ಕೇಳು. ಗೇಲ್ ಅವರ ಹೆಂಡತಿಯ ಹೆಸರು ಸಿಕ್ಕಿದ ದಿನ ನನಗೊಂದು ವಾಟ್ಸಾಪ್ ಹಾಕು, ಅಲ್ಲಿ ಎಷ್ಟು ಹೊತ್ತಾಗಿದ್ದರೂ ಪರವಾಗಿಲ್ಲ. ಹಸ್ತಪ್ರತಿಯನ್ನು ಇನ್ನೂ ವಾಪಸ್ ಕೊಟ್ಟಿಲ್ಲ. 61ನೇ ಪುಟದ ಮೇಲೆ ಕಾಫಿ ಚೆಲ್ಲಿಕೊಂಡಿದ್ದೇನೆ, ಬೈಯಬೇಡ.

ಇತಿ,
ನಿನ್ನ ತಾತ