ಕ್ಲಚ್ ಕೇಬಲ್ ಸರಿಮಾಡಿಕೊಟ್ಟ ಆ ಹಿರಿಯರಿಗೆ

ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಟ್ವಿನ್‌ಶಾಕ್ ಟ್ರಯಲ್ಸ್‌ನಲ್ಲಿ (ಹಿಂದೆ ಎರಡು ಶಾಕ್ ಅಬ್ಸಾರ್ಬರ್ ಇರುವ ಹಳೇ ಬೈಕ್‌ಗಳನ್ನು ಕಷ್ಟದ ದಾರಿಯಲ್ಲಿ ಕಾಲೂರದೆ ಓಡಿಸುವ ಸ್ಪರ್ಧೆ), ಕಲ್ಲು ತುಂಬಿದ ಹಳ್ಳದ ಮಧ್ಯೆ, ನನ್ನ ಬುಲ್ಟಾಕೋ ಶೆರ್ಪಾ ಬೈಕ್‌ನ ಕ್ಲಚ್ ಕೇಬಲ್ ತುದಿಯ ಪುಟ್ಟ ಲೋಹದ ಗುಂಡು ಕಿತ್ತುಬಂತು. ಚಳಿಗಾಲವೆಲ್ಲ ಕೂತು ಜೋಡಿಸಿದ ಗಾಡಿ ಅದು. ಒಮ್ಮೆ ಕಾಲೂರಿದರೆ ಒಂದು ಅಂಕದ ದಂಡ, ನಿಂತುಬಿಟ್ಟರೆ ಐದು. ಕ್ಲಚ್ ಇಲ್ಲದೆ ಮುಂದಿನ ಸೆಕ್ಷನ್ (ಅಂಕ ಎಣಿಸುವ ದಾರಿಯ ತುಂಡು) ಹತ್ತುವುದು ಆಗದ ಮಾತು, ಅಲ್ವಾ?

ಅಲ್ಲೇ ಅಂಕ ಬರೆಯುತ್ತಿದ್ದ ಹಿರಿಯರೊಬ್ಬರು ಬಿಡುವಾದಾಗ ಬಂದರು. ಜೇಬಿನ ತಗಡಿನ ಡಬ್ಬಿಯಿಂದ ಸ್ಕ್ರೂ ಬಿಗಿಯುವ ಗುಂಡು ತೆಗೆದು, ಬಿಚ್ಚಿಕೊಂಡಿದ್ದ ತಂತಿಯನ್ನು ಬೆರಳಲ್ಲೇ ಹೊಸೆದು ಕೂರಿಸಿದರು. ಲಿವರ್ ಸ್ವಲ್ಪ ಸಡಿಲ ಇರಲಿ ಅಂತ ಎರಡೆರಡು ಸಲ ಒತ್ತಿ ನೋಡಿದರು. ಹಣ ಬೇಡ ಅಂದರು. ನನ್ನ ಕೈ ನಡುಗುತ್ತಿದ್ದುದನ್ನು ನೋಡಿ ಫ್ಲಾಸ್ಕ್‌ನಿಂದ ಟೀ ಕೊಟ್ಟರು. ಹೆಸರು ಕೇಳಲೂ ಆಗಲಿಲ್ಲ. ಕೊನೆಯ ಸೆಕ್ಷನ್‌ವರೆಗೂ ಓಡಿಸಿದೆ ಸರ್, ತುಂಬಾ ಥ್ಯಾಂಕ್ಸ್.