ದೋರು ನದಿಯಿಂದ, ಅಮ್ಮ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಎರಡು ವಿಷಯ ಕೇಳಿದೆ. ಪ್ರವಾಸ ಹೇಗಿದೆ, ಮತ್ತೆ ತೋಟದ ಬರೆಯ ಕಲ್ಲಿನ ಕಟ್ಟ ಮಳೆಗೆ ಜರಿದಿದೆ, ಕಾಂಕ್ರೀಟ್ ಹಾಕಿಸಲಾ ಅಂತ. ನಿಮ್ಮಪ್ಪನಿಗೆ ಊಟಕ್ಕೆ ಅವಸರ, ಫೋನ್ ಇಟ್ಟುಬಿಟ್ಟೆ. ಈಗ ಅವರು ಮಲಗಿದ್ದಾರೆ. ಹಡಗೂ ಪೋರ್ಚುಗಲ್ಲಿನ ಪಿನ್ಯಾಂವ್ ಎಂಬ ಊರಿನ ದಡದಲ್ಲಿ ನಿಂತಿದೆ. ಇಲ್ಲಿ ರಾತ್ರಿ ಹಡಗು ಓಡಿಸುವುದಿಲ್ಲ.

ಪೋರ್ತೋ ಬಿಟ್ಟ ಮೇಲೆ ಕರಪತೆಲು ಅಣೆಕಟ್ಟು ಬಂತು. ಹಡಗು ಇಕ್ಕಟ್ಟಾದ ಕಾಂಕ್ರೀಟ್ ಬಾವಿಯಂಥ ಜಾಗದೊಳಗೆ ಹೋಗಿ ನಿಂತಿತು. ಹಿಂದಿನಿಂದ ಬಾಗಿಲು ಮುಚ್ಚಿದರು. ಕೈ ಚಾಚಿದರೆ ಒದ್ದೆ ಗೋಡೆ, ಪಾಚಿ ವಾಸನೆ. ತಲೆಯ ಮೇಲೆ ಒಂದು ಪಟ್ಟಿ ಆಕಾಶ. ನೀರು ತುಂಬುತ್ತ ಬಂದ ಹಾಗೆ ಹಡಗು ಸದ್ದಿಲ್ಲದೆ ಮೇಲೇರಿತು. 35 ಮೀಟರ್ ಕಣೇ! ನಾನು ಸುಮ್ನೆ ನಿಮ್ಮಪ್ಪನ ಕೈ ಹಿಡಿದುಕೊಂಡು ಕೂತಿದ್ದೆ.

ಅಣೆಕಟ್ಟು ಬರುವ ಮೊದಲು ಇಲ್ಲೆಲ್ಲ ಬಂಡೆ, ಸೆಳವು. ರಬೆಲು ಎಂಬ ಚಪ್ಪಟೆ ತಳದ ದೋಣಿಯಲ್ಲಿ ವೈನಿನ ಪೀಪಾಯಿ ಹೇರಿಕೊಂಡು ಇಳಿಯುತ್ತಿದ್ದರು. ಪೀಪಾಯಿಗೆ ಇವರು ಪಿಪಾ ಅಂತಾರೆ. ಚಾವಿಗೆ ಶಾವ್. ಬಟಾಟೆಗೆ ಬಟಾಟೆಯೇ! ಬಡಿಸುವ ಹುಡುಗನ ಬಾಯಲ್ಲಿ ಅದನ್ನು ಕೇಳಿ ನನಗೆ ನಗು ತಡೆಯಲಿಲ್ಲ.

ಪೋರ್ಟ್ ವೈನ್ ರುಚಿ ನೋಡಿದೆವು. ರಸ ಹುಳಿಯುತ್ತಿರುವಾಗಲೇ ದ್ರಾಕ್ಷಿಯ ಸ್ಪಿರಿಟ್ ಸುರಿದು ನಿಲ್ಲಿಸುತ್ತಾರೆ, ಅದಕ್ಕೇ ಸಿಹಿ ಉಳಿಯುವುದು. ನಿಮ್ಮಪ್ಪ "ಕೆಮ್ಮಿನ ಔಷಧದ ಹಾಗಿದೆ" ಎಂದರು. ಆಮೇಲೆ ನನ್ನ ಲೋಟವನ್ನೂ ಖಾಲಿ ಮಾಡಿದರು.

ಆದರೆ ನಾನು ನೋಡಿದ್ದು ಗೋಡೆಗಳನ್ನು, ಪುಟ್ಟಿ. ನದಿಯ ಎರಡೂ ಕಡೆ ಗುಡ್ಡದ ತುದಿಯ ತನಕ ಮೆಟ್ಟಿಲು ಮೆಟ್ಟಿಲು ತೋಟ. ಮಣ್ಣೇ ಇಲ್ಲದ ಜಾಗ. ಪದರ ಪದರವಾಗಿ ಸೀಳುವ ಕಲ್ಲನ್ನು ಒಡೆದು ಪುಡಿ ಮಾಡಿ ಬಳ್ಳಿ ನೆಟ್ಟಿದ್ದಾರೆ, ಉಳಿದ ಕಲ್ಲಿನಲ್ಲಿ ಗೋಡೆ ಕಟ್ಟಿದ್ದಾರೆ. ಇವರ ವೈನ್ ಸೀಮೆಗೆ 1756ರಲ್ಲೇ ಗಡಿ ಹಾಕಿದ್ದರಂತೆ. ನೂರು ವರ್ಷ ಕಳೆದ ಮೇಲೆ ಬೇರು ತಿನ್ನುವ ಹುಳ ಬಂದು ಬಳ್ಳಿಯೆಲ್ಲ ಸತ್ತಿತು. ಆಗ ಬಿಟ್ಟುಹೋದ ಕೆಲವು ಮೆಟ್ಟಿಲುಗಳಲ್ಲಿ ಇವತ್ತಿಗೂ ಬರೀ ಪೊದೆ. ಗೋಡೆ ಮಾತ್ರ ನಿಂತಿದೆ.

ಹತ್ತಿರ ಹೋಗಿ ಕೈಯಿಟ್ಟು ನೋಡಿದೆ. ಗಾರೆ ಇಲ್ಲ, ಸಿಮೆಂಟ್ ಇಲ್ಲ. ಸಂದಿಗೆ ಚಿಕ್ಕ ಕಲ್ಲು ಬಡಿದು ಕೂರಿಸಿದ್ದಾರೆ, ನಿನ್ನಜ್ಜ ಕಾಟುಕಲ್ಲಿಗೆ ಚಕ್ಕೆ ಕೊಡುತ್ತಿದ್ದರಲ್ಲ, ಹಾಗೇ. ಮಳೆ ನೀರು ಆ ಸಂದಿಯಲ್ಲೇ ಇಳಿದುಹೋಗುತ್ತದೆ, ಹಿಂದೆ ನಿಂತು ಗೋಡೆಯನ್ನು ದೂಡುವುದಿಲ್ಲ.

ಅದಕ್ಕೇ ನಮ್ಮ ಕಟ್ಟಕ್ಕೂ ಕಾಂಕ್ರೀಟ್ ಬೇಡ, ಕಲ್ಲಲ್ಲೇ ಕಟ್ಟಿಸೋಣ. ಜೆಸಿಬಿಯವನಿಗೆ ಬರಬೇಡ ಅಂತ ಈಗಲೇ ಹೇಳು. ಬಿದ್ದ ಕಲ್ಲನ್ನು ಒಂದು ಕಡೆ ರಾಶಿ ಹಾಕಿಸು. ಸಣ್ಣ ಚಕ್ಕೆಗಳನ್ನೂ ಎಸೆಯಬೇಡ, ಅವೇ ಜಾಸ್ತಿ ಬೇಕಾಗುವುದು.

ನಿನ್ನ,
ಅಮ್ಮ